ಹರಳು ಆರಿಸುವವರು

ಬಾಗಲಕೋಟೆಯ ಕಿಲ್ಲಾದಲ್ಲಿ ಹಲಗಿ ಕಾಯಿಸುತ್ತಿದ್ದಾರೆ. 2023ರ ಹೋಳಿ ಹುಣ್ಣಿಮೆ. ಓಣಿಯ ನಡುವೆ ಕಟ್ಟಿಗೆ, ಕುಳ್ಳು ಉರಿಯುತ್ತಿವೆ. ಸುತ್ತ ಹತ್ತಿಪ್ಪತ್ತು ಹುಡುಗರು ಹಲಗಿಯ ತೊಗಲನ್ನು ಬೆಂಕಿಗೆ ಒಡ್ಡಿ ನಿಂತಿದ್ದಾರೆ. ತೊಗಲು ಕಾದು ಬಿಗಿಯಬೇಕು, ನಾದ ಬರುವುದು ಆಮೇಲೆ. ಒಬ್ಬ ಬೆರಳಿನಿಂದ ಮೀಟಿ ನೋಡಿ, ಇನ್ನೂ ಆಗಿಲ್ಲವೆಂದು ತಲೆಯಾಡಿಸಿ, ಮತ್ತೆ ಬೆಂಕಿಗೆ ಹಿಡಿಯುತ್ತಾನೆ. ಅಷ್ಟರಲ್ಲಿ ಆಚೆ ತುದಿಯಿಂದ ಒಂದು ಪೆಟ್ಟು. ಅದರ ಬೆನ್ನಿಗೆ ಎಲ್ಲ ಹಲಗಿಗಳೂ ಒಟ್ಟಿಗೆ. ನೆಲ ಅದುರುತ್ತದೆ, ಅಂಗಿಯ ಒಳಗೆ ಪಕ್ಕೆಲುಬು ಅದುರುತ್ತದೆ.

ನನ್ನ ಪಕ್ಕ ನಿಂತವನು ಇಳಕಲ್ಲಿನ ನಮ್ಮಕ್ಕನ ಮಗ. ವಾಯುಪಡೆಯಲ್ಲಿ ಕಾರ್ಪೊರಲ್, ವಿಮಾನದ ಎಂಜಿನ್ ಕೆಲಸ. ಹದಿನೈದು ದಿನದ ರಜೆಗೆ ಬಂದಿದ್ದಾನೆ. ನನ್ನ ಕಿವಿಗೆ ಬಾಯಿ ಹಚ್ಚಿ ಕೂಗುತ್ತಾನೆ: "ಮಾಮಾ, ಎಂಜಿನ್ ಫುಲ್ ಪವರ್‌ಗೆ ತಂದಾಗ ಹಿಂಗ ಆಗ್ತೈತ್ರಿ. ಕಿವಿ ಮುಚ್ಚಿರ್ತೀವಿ ಖರೆ, ಎದಿ ಮುಚ್ಚಾಕ ಆಗಂಗಿಲ್ಲ."

ಆಮೇಲೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸುತ್ತಾನೆ. ಬಿಳಿಚಿದ ಆಕಾಶ, ಕಾಂಕ್ರೀಟಿನ ಅಂಗಳ, ಅದರ ಮೇಲೆ ಬೂದುಬಣ್ಣದ ಸಣ್ಣ ವಿಮಾನ. ರೆಕ್ಕೆ ತ್ರಿಕೋನ, ಬಾಲದ ಹತ್ತಿರ ಅಡ್ಡರೆಕ್ಕೆ ಇಲ್ಲ. "ತೇಜಸ್. ನಮ್ಮ ಬೆಂಗಳೂರಾಗ ಮಾಡಿದ್ದು. ಐದು ಹೋಗ್ಯಾವ ನೋಡ್ರಿ, ದುಬೈ ಸೀಮಿಗೆ."

ಹೋಗಿರುವುದು ಯುಎಇಯ ಅಲ್ ಧಫ್ರಾ ವಾಯುನೆಲೆಗೆ, ಅಬುಧಾಬಿ ನಗರದ ದಕ್ಷಿಣಕ್ಕೆ. ಅಲ್ಲಿ ಫೆಬ್ರವರಿ 27ರಿಂದ ಮಾರ್ಚ್ 17ರವರೆಗೆ 'ಡೆಸರ್ಟ್ ಫ್ಲ್ಯಾಗ್' ಸಮರಾಭ್ಯಾಸದ ಎಂಟನೆಯ ಸುತ್ತು. ಭಾರತದಿಂದ 5 ತೇಜಸ್, 2 ಸಿ-17 ಸಾಗಣೆ ವಿಮಾನ, 110 ಜನ. ತೇಜಸ್ ದೇಶದ ಗಡಿ ದಾಟಿ ಹೊರಗಿನವರ ಜೊತೆ ಸಮರಾಭ್ಯಾಸಕ್ಕೆ ಇಳಿದದ್ದು ಇದೇ ಮೊದಲು. ಅದು ಶುರುವಾದ ಫೆಬ್ರವರಿ 27ರಂದು ನಮ್ಮ ಕಡೆಯವರ ಕಣ್ಣೆಲ್ಲ ಬೇರೆ ಕಡೆ ಇತ್ತು. ಅದೇ ದಿನ ಶಿವಮೊಗ್ಗದ ವಿಮಾನ ನಿಲ್ದಾಣದ ಉದ್ಘಾಟನೆ, ಬೆಳಗಾವಿಯಲ್ಲಿ ಪ್ರಧಾನಿಯ ಮೆರವಣಿಗೆ. ಬೆಂಗಳೂರಿನ ವಿಮಾನ ಮರುಭೂಮಿಗೆ ಇಳಿದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ. ನಾನೂ ಗಮನಿಸಿರಲಿಲ್ಲ.

"ನೀನೂ ಹೋಗಬೇಕಿತ್ತಲ್ಲೋ" ಎನ್ನುತ್ತೇನೆ.

"ನನ್ನ ಹೆಸರು ಇನ್ನೂ ಬಂದಿಲ್ರಿ" ಎನ್ನುತ್ತಾನೆ. ಹಲಗಿಯ ಸದ್ದಿನಲ್ಲೂ ಆ ಮಾತಿನ ಆಸೆ ನನಗೆ ಕೇಳಿಸುತ್ತದೆ.

ಮರುದಿನ ನಸುಕಿನಲ್ಲೇ ಬೈಕ್ ಹತ್ತುತ್ತೇವೆ. ಹೊತ್ತು ಏರಿದರೆ ಬಾಗಲಕೋಟೆ ಬಿಟ್ಟು ಹೊರಬೀಳುವುದು ಕಷ್ಟ. ಇಲ್ಲಿ ಬಣ್ಣದಾಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಆಗಲೇ ಪೇಟೆಯಲ್ಲಿ ಬಂಡಿ, ಟ್ರ್ಯಾಕ್ಟರುಗಳ ಮೇಲೆ ಬ್ಯಾರಲ್ ಏರಿಸುತ್ತಿದ್ದಾರೆ. ಅಕ್ಕ ಇಳಕಲ್ಲಿನಲ್ಲಿ ದಾರಿ ನೋಡುತ್ತಿದ್ದಾಳೆ. ನೇರ ಹೋದರೆ ಬೇಗ ಮುಟ್ಟಬಹುದು, ಆದರೆ ಅಳಿಯನಿಗೆ ಬಾದಾಮಿ ನೋಡುವ ಮನಸ್ಸು. ಸಾಲೆಯ ಪ್ರವಾಸದಲ್ಲಿ ನೋಡಿದ್ದು, ಮತ್ತೆ ಬಂದೇ ಇಲ್ಲ. ಸುತ್ತು ಹಾದಿಯೇ ಇರಲಿ ಎಂದು ಹೊರಡುತ್ತೇವೆ.

ಬಾದಾಮಿಯ ಮೆಟ್ಟಿಲು ಹತ್ತಿ ಬಂಡೆಯ ಮೇಲೆ ಕೂತಾಗ ಎಂಟು ಗಂಟೆ. ಕೆಳಗೆ ಅಗಸ್ತ್ಯತೀರ್ಥದ ನೀರು ಹಸಿರಾಗಿ ನಿಂತಿದೆ. ಹೆಂಗಸರು ಮೆಟ್ಟಿಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾರೆ. ಒಂದು ಪೆಟ್ಟು ಕಲ್ಲಿಗೆ ಬಿದ್ದರೆ ಎದುರು ಗುಡ್ಡದಿಂದ ಇನ್ನೊಂದು ಪೆಟ್ಟು ಮರಳಿ ಬರುತ್ತದೆ. ಮಂಗ್ಯಾಗಳು ನಮ್ಮ ಚೀಲದ ಮೇಲೆ ಕಣ್ಣಿಟ್ಟಿವೆ. ಅಳಿಯ ಕೈಗಡಿಯಾರ ನೋಡಿಕೊಳ್ಳುತ್ತಾನೆ. "ಅಲ್ಲಿ ಈಗ ಆರೂವರಿ. ನಮ್ಮಕಿಂತ ಒಂದೂವರಿ ತಾಸು ಹಿಂದ. ಹಳ್ಳು ಆರಿಸೋ ಹೊತ್ತು."

"ಏನಂದಿ?"

"ಹಳ್ಳು, ಮಾಮಾ. ಅವ್ವ ಜ್ವಾಳದಾಗ ಆರಸ್ತಾಳಲ್ಲ, ಹಂಗ."

ಅವನು ಹೇಳುತ್ತಾ ಹೋದಂತೆ ಬಾದಾಮಿಯ ಕೆಂಪುಗಲ್ಲು ಸರಿದು ನನ್ನ ಕಾಲಡಿ ಕಾಂಕ್ರೀಟು ಬರುತ್ತದೆ. ನೀವೂ ಬನ್ನಿ, ಸಾಲಿನಲ್ಲಿ ನಿಲ್ಲಿ. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ತೋಳು ಚಾಚಿದರೆ ತಗಲುವಷ್ಟು ಅಂತರ. ಸೂರ್ಯ ಮರಳಿನ ಅಂಚಿನಿಂದ ಈಗಷ್ಟೇ ಎದ್ದಿದ್ದಾನೆ, ನೆರಳು ಉದ್ದುದ್ದ ಬಿದ್ದಿದೆ. ಅದೂ ಒಳ್ಳೆಯದೇ. ಸಣ್ಣ ಕಲ್ಲಿಗೂ ಆಗ ನೆರಳಿರುತ್ತದೆ, ಕಣ್ಣಿಗೆ ಬೀಳುತ್ತದೆ. ಎಲ್ಲರೂ ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೆ ನೆಲ ನೋಡುತ್ತಾ ನಡೆಯುತ್ತಾರೆ. ಕಂಡ ಕಲ್ಲಿನ ಚೂರು, ತಂತಿಯ ತುಣುಕು, ತಿರುಪು, ಗುಂಡಿ, ಎಲ್ಲವೂ ಚೀಲಕ್ಕೆ. ಕಾರ್ಪೊರಲ್ಲೂ ಆರಿಸುತ್ತಾನೆ, ಅಧಿಕಾರಿಯೂ ಬಗ್ಗಿ ಆರಿಸುತ್ತಾನೆ. ಜೆಟ್ ಎಂಜಿನ್ನಿನ ಬಾಯಿ ಎದುರಿಗೆ ಸಿಕ್ಕಿದ್ದನ್ನೆಲ್ಲ ಸೆಳೆದುಕೊಳ್ಳುತ್ತದೆ. ಕಡಲೆಕಾಳಿನಷ್ಟು ಕಲ್ಲು ಒಳಗೆ ಹೋದರೂ ವೇಗವಾಗಿ ತಿರುಗುವ ಅಲಗಿಗೆ ಪೆಟ್ಟು. ಒಂದು ಅಲಗು ಮುರಿದರೆ ಅದರ ಚೂರು ಮುಂದಿನದನ್ನು ಮುರಿಯುತ್ತದೆ. ತೇಜಸ್ಸಿಗೆ ಇರುವುದು ಒಂದೇ ಎಂಜಿನ್, ಅಮೆರಿಕದ ಎಫ್-404.

"ನಮ್ಮ ಡಬ್ಬಿಯೊಳಗ ಪ್ರತಿ ಸ್ಪ್ಯಾನರ್‌ಗೂ ಅದರ ಆಕಾರದ ಒಂದು ಗುಂಡಿ ಇರ್ತೈತಿ" ಎನ್ನುತ್ತಾನೆ. "ಕೆಲಸ ಮುಗದ ಮ್ಯಾಲ ಒಂದ ಗುಂಡಿ ಖಾಲಿ ಉಳದ್ರ ಮುಗೀತು, ವಿಮಾನ ಹಾರಂಗಿಲ್ಲ. ಸಿಗೂ ತನಕ ಯಾರೂ ಕದಲಂಗಿಲ್ಲ."

ಈ ಬಂಡೆಯ ಮೇಲೆ ಕೂತು ನನಗೆ ಇನ್ನೊಂದು ಪ್ರಯಾಣ ನೆನಪಾಗುತ್ತದೆ. ಇದು ಇಮ್ಮಡಿ ಪುಲಕೇಶಿಯ ಊರು. ಪರ್ಷಿಯಾದ ದೊರೆ ಎರಡನೆಯ ಖುಸ್ರೋನ ಆಸ್ಥಾನಕ್ಕೆ ಭಾರತದ ಒಬ್ಬ ಅರಸನಿಂದ ಪತ್ರ, ಉಡುಗೊರೆ ಹೊತ್ತ ದೂತರು ಬಂದಿದ್ದರೆಂದು ಅರಬ್ಬಿಯಲ್ಲಿ ಬರೆದ ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಕಾಲ ಕ್ರಿ.ಶ. 625ರ ಸುಮಾರು. ಆ ಅರಸ ನಮ್ಮ ಪುಲಕೇಶಿಯೇ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಅಳಿಯನಿಗೆ ಇದನ್ನು ಹೇಳಿದರೆ ಅವನು ಕೆಳಗಿನ ಕೆರೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. "ಹಂಗಾದ್ರ ಪರ್ಷಿಯಾದ ಆ ಸಮುದ್ರದ ದಂಡಿಗೆ ನಾವು ಹೊಸಬರಲ್ಲ ಬಿಡ್ರಿ" ಎನ್ನುತ್ತಾನೆ.

ಪಟ್ಟದಕಲ್ಲು ದಾಟಿ ಐಹೊಳೆ ಮುಟ್ಟುವಾಗ ಬಿಸಿಲು ನೆತ್ತಿಗೆ ಹತ್ತಿರ. ಮೇಗುತಿ ಗುಡ್ಡದ ಮೇಲೆ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634ರದು. ಪುಲಕೇಶಿ ಹರ್ಷನನ್ನು ತಡೆದದ್ದು, ಹಡಗುಗಳ ಪಡೆ ಕಟ್ಟಿಕೊಂಡು ಪಡುವಣ ಕಡಲಿನ ಪುರಿಯನ್ನು ಮುತ್ತಿದ್ದು, ಎಲ್ಲ ಅದರಲ್ಲಿದೆ. ಗೋಡೆಗೆ ಬೆನ್ನು ಕೊಟ್ಟು ನೆರಳಿಗೆ ಕೂರುತ್ತೇವೆ. ಅಳಿಯ ಮತ್ತೆ ಗಡಿಯಾರ ನೋಡುತ್ತಾನೆ. "ಈಗ ಬ್ರೀಫಿಂಗ್ ರೂಮಿನ್ಯಾಗ ಕೂತಿರ್ತಾರ."

ಆ ಕೋಣೆಗೆ ಹೋಗೋಣ. ತಂಪಿದೆ, ಗೋಡೆಗೆ ದೊಡ್ಡ ಪರದೆ. ಒಂದೊಂದು ಸಾಲಿನಲ್ಲಿ ಒಂದೊಂದು ಬಣ್ಣದ ಹಾರುಡುಪು, ತೋಳಿನ ಮೇಲೆ ಬೇರೆ ಬೇರೆ ಬಾವುಟ. ಯುಎಇಯವರು, ಫ್ರಾನ್ಸಿನವರು, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ಸ್ಪೇನ್, ಕುವೈತ್, ಬಹರೈನ್, ಮೊರೊಕ್ಕೊ, ದಕ್ಷಿಣ ಕೊರಿಯಾ, ಅವರ ನಡುವೆ ನಮ್ಮವರು. ಎಲ್ಲರ ಮಾತೂ ಇಂಗ್ಲಿಷ್, ಆದರೆ ಹತ್ತು ಬಗೆಯ ಇಂಗ್ಲಿಷ್. ಕೊರಿಯಾದವನು ಹೇಳಿದ ಅಂಕಿ ಮೊರೊಕ್ಕೊದವನಿಗೆ ತಪ್ಪಿಲ್ಲದೆ ಕೇಳಬೇಕು. ಆಕಾಶದಲ್ಲಿ ಮತ್ತೊಮ್ಮೆ ಕೇಳಲು ಪುರುಸೊತ್ತಿಲ್ಲ. ಹಾಗಾಗಿ ಇಲ್ಲಿ ಮಾತು ಕಡಿಮೆ, ಇರುವ ಮಾತಿಗೆಲ್ಲ ಒಂದೇ ಅರ್ಥ.

ಪರದೆಯ ಮೇಲೆ ನಕ್ಷೆ. ಅದರಲ್ಲಿ ಎರಡು ಪಾಳಯ, ನೀಲಿ ಮತ್ತು ಕೆಂಪು. ನೀಲಿ ಪಾಳಯ ಒಂದು ಗುರಿಯನ್ನು ಮುಟ್ಟಿ ಮರಳಬೇಕು, ಕೆಂಪು ಪಾಳಯ ತಡೆಯಬೇಕು. ಇಂದು ನೀಲಿಯಲ್ಲಿದ್ದವನು ನಾಳೆ ಕೆಂಪಿನಲ್ಲಿ ಇರಬಹುದು. ಬಿಡುವ ಕ್ಷಿಪಣಿ ನಿಜವಾದದ್ದಲ್ಲ. ಗುಂಡಿ ಒತ್ತಿದ ಹೊತ್ತು, ದೂರ, ಎತ್ತರ, ವೇಗ ದಾಖಲಾಗುತ್ತವೆ, ತಗುಲಿತೋ ಇಲ್ಲವೋ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ. 'ಸತ್ತ' ವಿಮಾನ ಗೊತ್ತುಮಾಡಿದ ಜಾಗಕ್ಕೆ ಸರಿದು, ನಿಯಮದಂತೆ ಮತ್ತೆ 'ಹುಟ್ಟಿ' ಬರಬಹುದು. ಒಂದು ನಿಯಮ ಮಾತ್ರ ಎಲ್ಲಕ್ಕಿಂತ ಮೇಲಿನದು. ಅಪಾಯ ಕಂಡವನು, ಅವನು ಎಷ್ಟೇ ಕಿರಿಯನಿರಲಿ, ರೇಡಿಯೊದಲ್ಲಿ 'ನಾಕ್ ಇಟ್ ಆಫ್' ಎಂದರೆ ಮುಗಿಯಿತು. ಆಟ ಆ ಕ್ಷಣಕ್ಕೆ ನಿಲ್ಲಬೇಕು.

ಅಂಗಳಕ್ಕೆ ಬನ್ನಿ. ನನ್ನ ಅಳಿಯನ ಲೋಕ ಇದು. ಬಿಸಿಲು ಕಾಂಕ್ರೀಟಿನಿಂದ ಮೇಲಕ್ಕೆ ಬರುತ್ತದೆ, ಬೂಟಿನ ಅಟ್ಟೆಯೊಳಗೆ ಗೊತ್ತಾಗುತ್ತದೆ. ಸೀಮೆಎಣ್ಣೆಯ ಹಾಗೆ ನಾರುವ ಇಂಧನ. ವಿಮಾನದ ಮೈಯಿಂದ ಅಲ್ಲಲ್ಲಿ ಕೆಂಪು ಪಟ್ಟಿಗಳು ಜೋತಾಡುತ್ತಿವೆ. ಸೂಜಿಪಿನ್ನು, ಮುಚ್ಚಳಗಳಿಗೆ ಕಟ್ಟಿದ ಪಟ್ಟಿ, ಹಾರುವ ಮುನ್ನ ತೆಗೆಯಬೇಕಾದದ್ದು. ಒಂದೊಂದಾಗಿ ಕಿತ್ತು, ಎಣಿಸಿ, ಒಳಗೆ ಕೂತ ಪೈಲಟ್‌ಗೆ ಎತ್ತಿ ತೋರಿಸುತ್ತಾರೆ. ಅವನು ಎಣಿಸಿಕೊಂಡು ತಲೆಯಾಡಿಸುತ್ತಾನೆ. ಎಂಜಿನ್ ಏಳುತ್ತದೆ. ಮೊದಲು ಸಿಳ್ಳೆ, ಆಮೇಲೆ ಗುಡುಗು, ಕೊನೆಗೆ ಆ ಹಲಗಿ, ಎದೆಗೂಡಿನೊಳಗೆ. ಇನ್ನು ಮಾತಿಲ್ಲ, ಬರೀ ಕೈಸನ್ನೆ. ಗಾಲಿಗೆ ಕೊಟ್ಟ ಅಡ್ಡಗಟ್ಟಿಗೆ ಸರಿಯಿತು. ಕೆಳಗೆ ನಿಂತವನು ಸಲಾಮು ಹೊಡೆಯುತ್ತಾನೆ, ಮೇಲಿನವನು ಮರುಸಲಾಮು. ಅರೆಕ್ಷಣ ಇಬ್ಬರ ಕಣ್ಣು ಕೂಡುತ್ತವೆ. ಮೇಲಿನವನ ಜೀವ ಕೆಳಗಿನವನ ಕೈಯಿಂದ ದಾಟಿ ಹೋಗುವುದು ಆಗಲೇ.

"ಅದು ಮರಳಿ ಬರೂ ತನಕ ನಮ್ಮ ಕೆಲಸ ಮುಗದಿಲ್ಲ ಅಂತನ ಲೆಕ್ಕ" ಎನ್ನುತ್ತಾನೆ ಅಳಿಯ. "ಊಟ ಮಾಡ್ತೀವಿ, ಮಾತಾಡ್ತೀವಿ. ಆದ್ರ ಕಿವಿ ಮುಗಲಕಡೆನ ಇರ್ತಾವ."

ಅಮೀನಗಡದಲ್ಲಿ ಅಕ್ಕನಿಗೆಂದು ಕರದಂಟು ಕಟ್ಟಿಸಿಕೊಂಡು ಹುನಗುಂದಕ್ಕೆ ಬರುತ್ತೇವೆ. ಹೆದ್ದಾರಿಯ ಪಕ್ಕ ಚಹಾದಂಗಡಿ. ವಿಜಯಪುರದ ಕಡೆಯಿಂದ ಹೊಸಪೇಟೆಯತ್ತ ಹೋಗುವ ಲಾರಿಗಳು ಧೂಳೆಬ್ಬಿಸುತ್ತಿವೆ. ಅಂಗಡಿಯವರು ಅಳಿಯನ ಕೂದಲು ಕತ್ತರಿಸಿದ ರೀತಿ ನೋಡಿಯೇ "ಮಿಲ್ಟ್ರಿ ಏನ್ರಿ?" ಎಂದು ಕೇಳುತ್ತಾರೆ. ಏರ್‌ಫೋರ್ಸ್ ಎಂದ ಮೇಲೆ ಮಾತು ತೇಜಸ್ಸಿಗೆ ಬರುತ್ತದೆ. ಬೆಂಚಿನ ಮೇಲೆ ಕೂತ ಒಬ್ಬ ಹಿರಿಯರು, ತಲೆಗೆ ಪಟಗ ಸುತ್ತಿದವರು, ಚಹಾ ಕೆಳಗಿಟ್ಟು ನೇರ ಕೇಳುತ್ತಾರೆ: "ತಮ್ಮಾ, ಅಷ್ಟು ಎಣ್ಣಿ ಸುಟ್ಟು ಅಷ್ಟು ದೂರ ಯಾಕ ಹೋಗಬೇಕಪಾ? ಇಲ್ಲೇ ಕಲೀಲಿಕ್ಕೆ ಬರೂದಿಲ್ಲೇನು?"

ಒಳ್ಳೆಯ ಪ್ರಶ್ನೆ. ನನ್ನ ಮನಸ್ಸಿನಲ್ಲೂ ಇದ್ದದ್ದು. ಅಳಿಯ ಸ್ವಲ್ಪ ಯೋಚಿಸುತ್ತಾನೆ.

"ಅಜ್ಜಾರ, ನೀವು ಗರಡಿಯೊಳಗ ಸಾಮು ಮಾಡಿದವ್ರೇನ್ರಿ?"

"ಮಾಡಿದ್ನ್ಯೋ. ಜಾತ್ರಿ ಕುಸ್ತಿ ಹಿಡದಾಂವ ನಾ."

"ಊರ ಗರಡ್ಯಾಗ ದಿನಾ ಅವನ ಕೂಡ ಹಿಡದ್ರ ಅವನ ಪಟ್ಟು ನಿಮಗ ಗೊತ್ತು, ನಿಮ್ಮ ಪಟ್ಟು ಅವಗ ಗೊತ್ತು. ಪರವೂರ ಕಣಕ್ಕ ಇಳದಾಗ?"

ಹಿರಿಯರು ಉತ್ತರ ಹೇಳುವುದಿಲ್ಲ. ಎಡ ಮೊಣಕೈ ಮುಟ್ಟಿಕೊಳ್ಳುತ್ತಾರೆ, ಹಳೆಯ ನೋವು ಇರಬೇಕು. ಆಮೇಲೆ ನಿಧಾನ ತಲೆಯಾಡಿಸಿ, "ಪರವೂರ ಕಣದಾಗ ಮಣ್ಣ ಬ್ಯಾರೆ ಇರ್ತೈತಿ" ಎನ್ನುತ್ತಾರೆ. ನಮ್ಮ ಚಹಾದ ದುಡ್ಡನ್ನೂ ಅವರೇ ಕೊಡುತ್ತಾರೆ.

ಭಾರತದ ವಿಮಾನಗಳು ಇಂಥ ಪರವೂರ ಕಣಕ್ಕೆ ಇಳಿಯತೊಡಗಿ ಬಹಳ ವರ್ಷವಾಯಿತು. 2004ರಲ್ಲಿ ಜಾಗ್ವಾರ್‌ಗಳು ಅಲಾಸ್ಕಾಕ್ಕೆ ಹೋದವು, 2008ರಲ್ಲಿ ಸುಖೋಯ್‌ಗಳು ಅಮೆರಿಕದ ನೆವಾಡಾ ಮರುಭೂಮಿಗೆ, 2018ರಲ್ಲಿ ಆಸ್ಟ್ರೇಲಿಯದ ಡಾರ್ವಿನ್‌ಗೆ. ಇದೇ ಅಲ್ ಧಫ್ರಾದಲ್ಲಿ 2021ರ ಡೆಸರ್ಟ್ ಫ್ಲ್ಯಾಗ್‌ಗೂ ಸುಖೋಯ್‌ಗಳೇ ಹೋಗಿದ್ದವು. ಅವೆಲ್ಲ ಹೊರಗಿನವರ ವಿನ್ಯಾಸ. ಕೆಲವನ್ನು ನಮ್ಮ ಎಚ್‌ಎಎಲ್ ಕಟ್ಟಿದ್ದರೂ ನಕ್ಷೆ ಇನ್ನೊಬ್ಬರದು. ತೇಜಸ್ಸಿನ ನಕ್ಷೆ ಬೆಂಗಳೂರಿನ ಮೇಜುಗಳ ಮೇಲೆ ಬರೆದದ್ದು. ಅದು ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಿಂದಲೇ. ಆಗ ಈ ಅಳಿಯ ಇಳಕಲ್ಲಿನ ಕನ್ನಡ ಸಾಲೆಯಲ್ಲಿ ಎರಡನೆತ್ತೆ. ಮೊದಲ ಸ್ಕ್ವಾಡ್ರನ್ನು ನಿಂತದ್ದು 2016ರಲ್ಲಿ, ಅಷ್ಟರಲ್ಲಿ ಇವನು ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು, ಆಮೇಲೆ ಎಂಜಿನ್ ಪಾಠ ಮುಗಿಸಿ ಸಮವಸ್ತ್ರ ತೊಟ್ಟಿದ್ದ. ವಿಮಾನ ತಡವಾಯಿತೆಂದು ಬಹಳ ಜನ ಬೈದರು. ಬೈಯಲು ಕಾರಣಗಳೂ ಇದ್ದವು. ಆದರೆ ನಕ್ಷೆಯಿಂದ ಹಿಡಿದು ಹಾರಾಟದವರೆಗೆ ತಾನೇ ಕಲಿಯುವವನಿಗೆ ತಡವಾಗುತ್ತದೆ. ಹಾಗೆ ಕಲಿತದ್ದು ಮಾತ್ರ ಕೈಯಲ್ಲಿ ಉಳಿಯುತ್ತದೆ ಎಂದು ನಾನು ನಂಬುತ್ತೇನೆ.

ಇಳಕಲ್ಲಿಗೆ ಬರುವಾಗ ಸಂಜೆ. ಊರಿಗೆ ಮೊದಲೇ ರಸ್ತೆಯ ಬದಿಗೆ ಕೆಂಪು ಗ್ರಾನೈಟಿನ ದಿಮ್ಮಿಗಳು ಬಿದ್ದಿವೆ, ಅವುಗಳ ಚೂರು ಡಾಂಬರಿನ ಮೇಲೆ ಚದುರಿದೆ. ಅಳಿಯ ಬೈಕಿನ ವೇಗ ತಗ್ಗಿಸಿ ಆ ಚೂರುಗಳನ್ನೇ ನೋಡುತ್ತಾ ಸಾಗುತ್ತಾನೆ. ಅದು ಅವನ ಅಭ್ಯಾಸ, ಬಿಡುವುದಿಲ್ಲ.

ಓಣಿ ಹೊಕ್ಕರೆ ಮಗ್ಗದ ಸದ್ದು. ಅಕ್ಕ ಕುಣಿಮಗ್ಗದಲ್ಲಿ ಕೂತಿದ್ದಾಳೆ, ಸೊಂಟದವರೆಗೆ ಕುಣಿಯೊಳಗೆ. ಮಗನನ್ನು ಕಂಡು ಮುಖ ಅರಳಿದರೂ ಕೈ ನಿಲ್ಲಿಸುವುದಿಲ್ಲ. "ಕುಂದರ್ರೆಪಾ, ಕೊಂಡಿ ಹಾಕಾಕ ಹತ್ತೀನಿ. ನಡುಬರಕ ಬಿಟ್ರ ತಪ್ಪತೈತಿ." ಇಳಕಲ್ ಸೀರೆಯ ಹೆಸರು ನಿಂತಿರುವುದೇ ಇದರ ಮೇಲೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿನದು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಗಿಸಿ ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಕಾಣುತ್ತದೆ. ಅವಳು ಎಣಿಸುವುದು ಬಾಯಿಂದಲ್ಲ, ಬೆರಳಿನಿಂದ.

ಅಳಿಯ ಮಗ್ಗದ ಅಂಚಿಗೆ ಕೂತು ಮೊಬೈಲು ಮುಂದೆ ಹಿಡಿಯುತ್ತಾನೆ. "ಅವ್ವಾ, ಇದರ ಮೈಯಾಗೂ ಎಳಿ ಅದಾವ. ಕಾರ್ಬನ್ ನೂಲು. ಪದರ ಪದರ ಹಾಸಿ, ಅಂಟು ಹಾಕಿ, ಕಾಸಿ ಗಟ್ಟಿ ಮಾಡ್ತಾರ." ಅದು ಹೌದು. ತೇಜಸ್ಸಿನ ಮೈತೊಗಲಿನ ಬಹುಪಾಲು ಕಾರ್ಬನ್ ನೂಲಿನದೇ, ಹಗುರವಾಗಿರುವುದು ಅದಕ್ಕೇ. ಅಕ್ಕ ಚಿತ್ರವನ್ನು ಕಣ್ಣು ಕಿರಿದಾಗಿಸಿ ನೋಡುತ್ತಾಳೆ. "ಚಂದ ಐತಿ" ಎನ್ನುತ್ತಾಳೆ. ಮತ್ತೆ, "ಒಳಗ ಕುಂತಾಂವ ಯಾರ ಮಗನೋ."

ರಾತ್ರಿ ಊಟದ ಮುಂದೆ ಅವಳು ಮೊರದಲ್ಲಿ ಜೋಳ ಹರಡಿಕೊಂಡು ಕೂರುತ್ತಾಳೆ. ಮಗನೂ ಎದುರು ಕೂತು ಆರಿಸುತ್ತಾನೆ. ಇಬ್ಬರ ಬೆರಳೂ ಒಂದೇ ರೀತಿ ಓಡುತ್ತವೆ. ಆರಿಸುತ್ತಲೇ ಅವನು ದಿನದ ಕೊನೆಯ ಭಾಗ ಹೇಳುತ್ತಾನೆ, ನನ್ನ ಮಟ್ಟಿಗೆ ಇಡೀ ಸಮರಾಭ್ಯಾಸದ ತಿರುಳು ಅದೇ. ಹಾರಾಟ ಒಂದು ತಾಸಿನದ್ದಾದರೆ ಅದರ ಮೇಲಿನ ಚರ್ಚೆ ಹಲವು ತಾಸು. ಮತ್ತೆ ಅದೇ ಕೋಣೆ, ಅದೇ ಪರದೆ. ಎಲ್ಲ ವಿಮಾನಗಳ ದಾಖಲೆ ಕೂಡಿಸಿ ಇಡೀ ಕಾಳಗವನ್ನು ಮೊದಲಿನಿಂದ ಓಡಿಸುತ್ತಾರೆ. ಹೊಡೆದೆನೆಂದು ಆಕಾಶದಲ್ಲಿ ಹೇಳಿದವನ ಲೆಕ್ಕ ಇಲ್ಲಿ ಸುಳ್ಳಾಗಬಹುದು. ಯಾರು ಎಲ್ಲಿ ತಡಮಾಡಿದರು, ಯಾರು ಏನನ್ನು ನೋಡಲಿಲ್ಲ ಎಂಬುದನ್ನು ಇನ್ನೊಬ್ಬ ಎತ್ತಿ ಆಡುವ ಮೊದಲು ಅವರೇ ಎದ್ದು ಹೇಳಬೇಕು, ಹತ್ತು ದೇಶದವರ ಮುಂದೆ. ಹುದ್ದೆಯ ಬಿಂಕ ಅಲ್ಲಿ ನಡೆಯುವುದಿಲ್ಲ. ಪತ್ರಿಕೆಗಳು ಇಂಥ ಸಮರಾಭ್ಯಾಸವನ್ನು ಬಲಪ್ರದರ್ಶನ ಎಂದು ಬರೆಯುತ್ತವೆ. ನನಗೆ ಹಾಗನಿಸುವುದಿಲ್ಲ. ಇನ್ನೊಬ್ಬರ ಎದುರು ನಿಂತು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳಲು ಅಷ್ಟು ದೂರ ಹಾರಿ ಹೋಗುವುದು ಬಲಕ್ಕಿಂತ ದೊಡ್ಡದು. ಅಲ್ಲಿ ಹೇಳಿಕೊಂಡ ತಪ್ಪು ಯುದ್ಧದಲ್ಲಿ ಒಂದು ಜೀವ ಉಳಿಸುತ್ತದೆ.

"ಅಲ್ಲೆಪಾ, ಯಾರೂ ಖರೇನ ಸಾಯಂಗಿಲ್ಲಲಾ?" ಅಕ್ಕ ಕೇಳುತ್ತಾಳೆ. ಇಡೀ ದಿನದಲ್ಲಿ ಅವಳ ಪ್ರಶ್ನೆ ಇದೊಂದೇ.

"ಇಲ್ಲವ್ವಾ" ಎನ್ನುತ್ತಾನೆ ಮಗ. ಸ್ವಲ್ಪ ತಡೆದು, "ಅದಕ್ಕ ಹಳ್ಳು ಆರಿಸೋದು" ಎನ್ನುತ್ತಾನೆ.

ಮಾರ್ಚ್ 17ಕ್ಕೆ ಆ ಸಮರಾಭ್ಯಾಸ ಮುಗಿಯಿತು. ಅಳಿಯನ ರಜೆಯೂ ಮುಗಿದು ಅವನು ಹೊರಟುಹೋದ. ಅಕ್ಕನ ಆ ಸೀರೆ ಯಾರದೋ ಮದುವೆಗೆ ಹೋಯಿತು.

2025ರ ನವೆಂಬರ್ 21ರಂದು, ದುಬೈ ವೈಮಾನಿಕ ಪ್ರದರ್ಶನದ ಕೊನೆಯ ದಿನ, ಹಾರಾಟ ತೋರಿಸುತ್ತಿದ್ದ ತೇಜಸ್ ನೆಲಕ್ಕೆ ಬಿದ್ದು ಉರಿಯಿತು. ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಹೋದರು. ಆ ಸಂಜೆ ನಾನು ಇಳಕಲ್ಲಿಗೆ ಫೋನು ಮಾಡಿದೆ. ಅಕ್ಕನಿಗೆ ಸುದ್ದಿ ಆಗಲೇ ತಿಳಿದಿತ್ತು. ಮಗ್ಗ ಇಳಿದು, ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. "ಯಾರ ಮಗನೋ ಅಂದಿದ್ನಲ್ಲೋ" ಎಂದವಳಿಗೆ ಮುಂದೆ ಮಾತು ಬರಲಿಲ್ಲ.

ಅಳಿಯ ನನ್ನ ಜೊತೆ ಮಾತಾಡಿದ್ದು ಕೆಲವು ದಿನಗಳ ನಂತರ. ದುಬೈಯ ಬಗ್ಗೆ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನು ಇಡುವ ಮುನ್ನ ಒಂದು ಮಾತು ಹೇಳಿದ. ಆ ಸುದ್ದಿ ಬಂದ ಮೇಲಿನ ಮೊದಲ ಬೆಳಗ್ಗೆ ಅವನ ನೆಲೆಯಲ್ಲಿ ಎಲ್ಲರೂ ಎಂದಿಗಿಂತ ಕಾಲು ತಾಸು ಮುಂಚೆ ಬಂದು, ಸಾಲಾಗಿ ನಿಂತು, ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ಹರಳು ಆರಿಸಿದರಂತೆ.